ಒಗ್ಗರಣೆ ಇಲ್ಲದ ಹನ್ನೊಂದು ದಿನ

ನಾಲ್ಕನೇ ದಿನವೂ ಒಗ್ಗರಣೆ ಇರಲಿಲ್ಲ.

ಹೊಸದುರ್ಗದ ಪಕ್ಕದ ಹಟ್ಟಿಯ ಅಂಗನವಾಡಿಯಲ್ಲಿ ಅಡುಗೆ ಮುಗಿಸಿದ ಕಾಳಕ್ಕ, ಟೀಚರ್ ಮೇಘಶ್ರೀಯ ಫೋನಿನಲ್ಲಿ ‘ಲತಾಳ ಒಲೆ’ ನೋಡುತ್ತಿದ್ದಳು. ಅಡುಗೆಯ ಬ್ಲಾಗುಗಳು ಸಾವಿರ ಇದ್ದಾವು, ಅವಳಿಗೆ ಬೇಕಾದದ್ದು ಇದೊಂದೇ. ಲತಾ ಅವಳ ಮಗಳು. ಬೇರೆ ಜಾತಿಯವನನ್ನು ಕಟ್ಟಿಕೊಂಡು ಹಿರಿಯೂರಿಗೆ ಹೋಗಿ ಎರಡು ವರ್ಷವಾಗಿತ್ತು.

ಇನ್ನು ಅವಳೊಂದಿಗೆ ಮಾತಾಡುವುದಿಲ್ಲ ಎಂದು ಗಂಡ ಜುಂಜಯ್ಯ ತನ್ನ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದ. ಆಣೆ ಬಾಯಿಗೆ ತಾನೇ, ಕಣ್ಣಿಗಲ್ಲವಲ್ಲ! ಕಾಳಕ್ಕ ದಿನಾ ನೋಡುತ್ತಿದ್ದಳು. ಹುರುಳಿಕಾಳಿನ ಸಾರು, ಹುಚ್ಚೆಳ್ಳು ಚಟ್ನಿ, ಎಲ್ಲ ಅವಳದೇ ಕೈಗುಣ. ಮಗಳಿಗೆ ಕೂಸು ಹುಟ್ಟಿದ್ದು ಅಜ್ಜಿಗೆ ತಿಳಿದದ್ದೂ ಬಾಣಂತಿ ಖಾರದ ಬರಹದಿಂದಲೇ. ‘ತಳ ಹಿಡಿದ ಅನ್ನ ಎಸೆಯಬೇಡಿ, ನಮ್ಮವ್ವನಿಗೆ ಅದೇ ಪ್ರಾಣ’ ಎಂದು ಓದಿದ ದಿನ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿದ್ದಳು.

ಈಗ ನಾಲ್ಕು ದಿನದಿಂದ ಬರೀ ಸಪ್ಪೆ ಬೇಳೆ. ಎಣ್ಣೆ ಇಲ್ಲ, ಸಾಸಿವೆ ಇಲ್ಲ.

“ಡಯಟ್ ಇರ್ಬೇಕು ಬಿಡು ಕಾಳಕ್ಕ,” ಎಂದಳು ಮೇಘಶ್ರೀ.

“ಡಯಟ್ಟೂ ಇಲ್ಲ ಗಿಯಟ್ಟೂ ಇಲ್ಲ. ಸೂತಕದ ಮನ್ಯಾಗೆ ಒಗ್ಗರಣೆ ಹಾಕಲ್ಲ ಕಣಮ್ಮ. ನಾನೇ ಕಲಿಸಿದ್ದು.”

ಯಾರು ಹೋದರು? ಅಳಿಯನೇ? ಬೆರಳಿನಿಂದ ಚಿತ್ರ ಹಿಗ್ಗಿಸಿದಳು. ಸೌಟು ಹಿಡಿದ ಕೈಯಲ್ಲಿ ಹಸಿರು ಬಳೆ ಇದ್ದವು. ಸದ್ಯ, ಅಳಿಯ ಇದ್ದಾನೆ! ಹಾಗಾದರೆ ಕೂಸೇ?

ಮನೆಗೆ ಬಂದರೆ ಜುಂಜಯ್ಯ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದ.

“ಭಾನುವಾರ ಲತಾ ನಿನ್ನ ಫೋನಿಗೆ ಮಾಡಿದ್ಲಲ್ಲ, ಏನಂದ್ಲು? ಅವಳ ಮನ್ಯಾಗೆ ಏನೋ ಆಗೈತೆ.”

“ಕೂಸು ಎತ್ಕಂಡು ಅವ್ವನ್ನ ನೋಡಾಕೆ ಬರ್ತೀನಿ ಅಂದ್ಲು. ಇಲ್ಲಿ ನೋಡಾಕೆ ಇನ್ನೇನೂ ಉಳಿದಿಲ್ಲ ಅಂದೆ.” ಅವನು ತಲೆ ಎತ್ತಲಿಲ್ಲ. “ಇನ್ನ ಬರಲ್ಲ ಬಿಡು.”

“ಕಲ್ಲು ಮನುಷ್ಯ ಕಣಯ್ಯ ನೀನು,” ಎಂದಳು ಕಾಳಕ್ಕ.

ಅಂದಿನಿಂದ ಅವಳೂ ಒಗ್ಗರಣೆ ಬಿಟ್ಟಳು. ಹೋದದ್ದು ಯಾರೇ ಆಗಲಿ, ಮಗಳ ಮನೆಯ ಜೀವ ತಾನೇ. ಸಪ್ಪೆ ಸಾರಿನಲ್ಲಿ ಜುಂಜಯ್ಯ ಮುದ್ದೆ ಅದ್ದಿ ನುಂಗಿದ. ಉಪ್ಪು ಚೂರು ಕಮ್ಮಿಯಾದರೂ ತಟ್ಟೆ ಎಸೆಯುವ ಗಂಡಸು, ಯಾಕೆ ಅಂತ ಒಂದು ಮಾತು ಕೇಳಲಿಲ್ಲ.

ಹನ್ನೊಂದನೇ ದಿನ ಕಾಳಕ್ಕನಿಗೆ ತಡೆಯಲಾಗಲಿಲ್ಲ.

“ಆಣೆ ಹಾಳಾಗಿ ಹೋಗ್ಲಿ. ‘ಯಾರು ಹೋದ್ರು ಮಗಳೇ’ ಅಂತ ಬರಿಯಮ್ಮ, ಪುಣ್ಯ ಬರ್ತೈತೆ.”

ಮೇಘಶ್ರೀ ಬ್ಲಾಗ್ ತೆರೆದಳು. ಕಾಳಕ್ಕನ ಮುಖವನ್ನೊಮ್ಮೆ, ಫೋನನ್ನೊಮ್ಮೆ ನೋಡಿದಳು. ಆಮೇಲೆ ಫೋನನ್ನು ಅವಳ ಕೈಗೇ ಕೊಟ್ಟುಬಿಟ್ಟಳು.

ಬಾಳೆ ಎಲೆಯ ಮೇಲೆ ಸತ್ತವರಿಗೆ ಇಟ್ಟ ಎಡೆ. ಹೋಳಿಗೆ, ಒಗ್ಗರಣೆ ಹಾಕಿದ ಹುರುಳಿಕಾಳಿನ ಸಾರು, ನಡುವೆ ಒಂದು ಹಿಡಿ ತಳ ಹಿಡಿದ ಅನ್ನ.

ಎಲೆಯ ಹಿಂದೆ, ಹೂವಿನ ಹಾರ ಹಾಕಿದ ಪಟದಲ್ಲಿ, ಕಾಳಕ್ಕ ನಗುತ್ತಿದ್ದಳು.