ಒಂದು ದಿನವೂ ಅಳದವಳು

"ನಮ್ಮ ಚೈತ್ರ ರಷ್ಯಾದಲ್ಲಿ ಒಂದು ದಿನವೂ ಅತ್ತವಳಲ್ಲ ಮಾರಾಯ," ಎಂದು ಪರಮೇಶ್ವರಪ್ಪನವರು ಗೆಳೆಯ ಗಂಗಾಧರರ ಬೆನ್ನು ತಟ್ಟಿದಾಗ, ರಜೆಗೆ ಬಂದಿದ್ದ ಚೈತ್ರ ಕಾಫಿ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. ಗಂಗಾಧರರು ಕೊಪ್ಪದಿಂದ ನರಸಿಂಹರಾಜಪುರಕ್ಕೆ ಬಂದಿದ್ದೇ ಮಗಳು ಸಿಂಧುವನ್ನು ಕರೆತಂದು ಧೈರ್ಯ ಹೇಳಿಸಲು. ಡಾಕ್ಟರ್ ಓದಲು ಅವಳೂ ಅಲ್ಲಿಗೇ ಹೊರಟಿದ್ದಳು.

"ಅತ್ತಿದ್ದೆ ಅಪ್ಪಾಜಿ." ಚೈತ್ರ ಸಿಟ್ಟಿನಿಂದಲೇ ಅಂದಳು. "ಮೊದಲನೇ ಚಳಿಗಾಲ ಪೂರ್ತಿ ಅತ್ತೆ. ಮಧ್ಯಾಹ್ನಕ್ಕೇ ಕತ್ತಲಾಗ್ತಿತ್ತು. ದಾರೀಲಿ ಸಿಕ್ಕವರನ್ನ ನೋಡಿ ನಕ್ಕರೆ ತಲೆ ಕೆಟ್ಟಿದೆ ಅಂದ್ಕೊಳ್ತಿದ್ರು. ಹಸಿವು ತಡೀಲಾರ್ದೆ ಕ್ಯಾಂಟೀನಿನ ಸೂಪಿಂದ ಮಾಂಸದ ಚೂರು ತೆಗೆದಿಟ್ಟು ಉಳಿದದ್ದನ್ನ ಕುಡಿದಿದೀನಿ."

ಅಡುಗೆಮನೆಯಿಂದ ಅಮ್ಮ "ಶಿವಾ!" ಎಂದದ್ದು ಕೇಳಿಸಿತು. ಪರಮೇಶ್ವರಪ್ಪನವರ ಮುಖ ಕಪ್ಪಿಟ್ಟಿತು. "ಬಂದವರ ಎದುರು ಎಂತ ಮಾತು ಇದು? ನನ್ನ ಹತ್ರ ಒಂದು ಸಲನಾದ್ರೂ ಹೇಳಿದ್ಯಾ?"

"ಹೇಳೋಕೆ ಬಿಟ್ರಾ? ಬೂತಲ್ಲಿ ಸಾಲು ನಿಂತು ಫೋನ್ ಮಾಡಿದ್ರೆ, ನನಗೆ ಅಳು ಬಂದ ಕೂಡ್ಲೇ 'ಧೈರ್ಯವಾಗಿ ಓದು' ಅಂತ ಫೋನ್ ಇಟ್ಟುಬಿಡ್ತಿದ್ರಿ. ಪ್ರತಿ ಸಲವೂ! ಕಟ್ಟಾದ ಫೋನನ್ನ ಕಿವಿಗೆ ಹಿಡ್ಕೊಂಡು ನಿಂತಿರ್ತಿದ್ದೆ. ಈಗ ನೋಡಿದ್ರೆ, ಮಗಳು ಅಳ್ಲೇ ಇಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದೀರಿ!"

ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದ ಸಿಂಧು ತನ್ನ ಅಪ್ಪನ ಕಡೆಗೆ ತಿರುಗಿದಳು.

"ನೀವೂ ಫೋನ್ ಇಡ್ತೀರಾ ಅಪ್ಪಾಜಿ?"