ಅತ್ತೆಯ ಪಾಲಿನ ಹಾಲು

ಎಮ್ಮೆ ಹಗ್ಗ ಜಗ್ಗಿದ್ದಷ್ಟೇ. ಮಾಣಿಕಮ್ಮನ ಮಣಿಕಟ್ಟು ಲಟಕ್ಕೆಂದಿತು. ಅವಳು ಬೀಳಲೂ ಇಲ್ಲ, ಎಡವಲೂ ಇಲ್ಲ. ಸೊಸೆ ಗುರಮ್ಮ ಅತ್ತೆಯನ್ನು ಬಂಡಿಯಲ್ಲಿ ಕೂರಿಸಿಕೊಂಡು ಆಳಂದದ ದವಾಖಾನೆಗೆ ಬಂದಳು.

ಡಾಕ್ಟರ್ ಗೌಸಮೊಹಿದ್ದೀನರು ಅವಳ ಕೈಗೆ ಬಿದಿರಿನ ದಬ್ಬೆ ಕಟ್ಟುತ್ತ ಗದರಿದರು. "ಹೋದ ವರ್ಷ ಆ ಕೈ, ಈಗ ಈ ಕೈ. ಅವಾಗೇ ಹೇಳಿದ್ದೆ, ಹಾಲು ಕುಡೀರಿ, ಮುಂಜಾನಿ ಬಿಸಿಲಿಗಿ ಕೂಡ್ರಿ, ಅಡ್ಡಾಡ್ರಿ ಅಂತ. ಕುಡದೀರೇನು?"

"ಮನ್ಯಾಗ ಎರಡು ಎಮ್ಮಿ ಅವರಿ ಸಾಹೇಬ್ರ," ಎಂದಳು ಮಾಣಿಕಮ್ಮ.

"ಎಮ್ಮಿ ಎಷ್ಟಂತ ಕೇಳಲಿಲ್ಲ ನಾನು!" ಡಾಕ್ಟರು ಗುರಮ್ಮನ ಕಡೆ ತಿರುಗಿದರು. "ವಯಸ್ಸಿಗಿ ಎಲುಬು ಒಳಗಿಂದ ಟೊಳ್ಳಾಗ್ಯಾವಮ್ಮ. ಹೋದದ್ದು ತಿರುಗಿ ತರಾಕ ನನ್ನ ಹತ್ರ ದವಾ ಇಲ್ಲ. ಇದ್ದದ್ದನ್ನರೆ ಉಳಿಸ್ಕೋರಿ. ಮುಂದ ಸೊಂಟ ಮುರೀತಂದ್ರ ಈಕಿ ಏಳಂಗಿಲ್ಲ."

ಮಾರನೆಯ ದಿನದಿಂದ ಗುರಮ್ಮ ಅತ್ತೆಗೆಂದು ಒಂದು ಲೋಟ ಹಾಲು ತೆಗೆದಿಡತೊಡಗಿದಳು. ಮೊದಲ ದಿನ ಅದು ಮೊಮ್ಮಗಳ ಹೊಟ್ಟೆ ಸೇರಿತು. ಮರುದಿನ ಹೆಪ್ಪಿನ ಗಡಿಗೆ ಸೇರಿತು. ಆಮೇಲೊಂದು ದಿನ, ಹೊಲದಿಂದ ಬಂದ ಗುರಮ್ಮನ ಗಂಡ ಭೀಮಶಾ, ಅಮ್ಮ ಕೊಟ್ಟಳೆಂದು ಕುಡಿದು ಮೀಸೆ ಒರೆಸಿಕೊಳ್ಳುತ್ತಿದ್ದ.

ಗುರಮ್ಮನಿಗೆ ರೇಗಿಹೋಯಿತು. ಮತ್ತೊಂದು ಲೋಟ ಹಾಲು ಕಾಸಿ ತಂದು, ಬಿಸಿಲಲ್ಲಿ ಕಟ್ಟೆಯ ಮೇಲೆ ಕೂತಿದ್ದ ಅತ್ತೆಯ ಎದುರೇ ಕುಕ್ಕರಿಸಿದಳು.

"ಕುಡೀರಿ. ನನ್ನ ಕಣ್ಣ ಮುಂದ."

"ಹಾಲು ಗಂಡಸರಿಗಿ, ಕೂಸುಗೊಳಿಗಿ ಬೇ. ಮುದುಕಿಗಿ ಯಾಕ?"

"ನೀವು ಹಾಸಿಗಿ ಹಿಡದ್ರ ನಿಮ್ಮನ್ನ ಎತ್ತಾಕಿ, ತೊಳಿಯಾಕಿ ಯಾರು? ಆ ಗಂಡಸರೇನು? ನಾ ರೀ, ನಾ! ನನ್ನ ಸಲುವಾಗರೆ ಕುಡೀರಿ!"

ಮಾಣಿಕಮ್ಮ ಮುಖ ಗಂಟಿಕ್ಕಿಕೊಂಡೇ ಬಾಯಿ ತೆರೆದಳು. ಎರಡೂ ಕೈಯಲ್ಲಿ ಬಲವಿರಲಿಲ್ಲ. ಸೊಸೆಯೇ ಲೋಟ ಹಿಡಿದಳು. ಎರಡು ಗುಟುಕು ಇಳಿಯುತ್ತಲೇ ಅತ್ತೆ ತಲೆ ಹಿಂದಕ್ಕೆ ಎಳೆದುಕೊಂಡಳು.

"ಲಡಾಯಿ ಕಾಲದಾಗ ಸಕ್ರಿ ಸಿಗವಲ್ದು. ಇದರಾಗ ಯಾಕ ಸುರದಿ?"

"ಸಕ್ರಿ ಹಾಕಿಲ್ಲ ಅತ್ತಿ."

"ಸುಳ್ಳು ಹೇಳಬ್ಯಾಡ. ಸೀ ಅದ."

ನಲವತ್ತು ವರ್ಷ ಎಮ್ಮೆ ಕರೆದವಳ ಮುಖವನ್ನು ಗುರಮ್ಮ ನೋಡಿದಳು.

"ಹಾಲು ಹಂಗೇ ಇರ್ತದ, ಅತ್ತಿ."