ಎರಡು ಅಚ್ಚುಗಳು

"ಇಲ್ಲೇ ಕಚ್ತಾ ಇದೆ ರೀ" ಎನ್ನುತ್ತ ಹೆಂಡತಿ ಹಲ್ಲುಸೆಟ್ಟನ್ನು ಮೂರನೇ ಸಲ ಬಾಯಿಂದ ತೆಗೆದು ಅವನ ಅಂಗೈಗಿಟ್ಟಳು. ಮೂವತ್ತು ವರ್ಷದಿಂದ ಊರವರಿಗೆಲ್ಲ ಹಲ್ಲು ಕಟ್ಟಿಕೊಡುತ್ತ ಬಂದವನು ಮತ್ತೆ ಅರ ಹಿಡಿದು ಉಜ್ಜಲು ಕೂತ. "ನನ್ನ ಕೈಗೇ ವಯಸ್ಸಾಯ್ತು ಕಣೇ" ಎಂದು ತನ್ನನ್ನೇ ಬೈದುಕೊಂಡ.

ಉಜ್ಜಿ ಉಜ್ಜಿ ಸಾಕಾಗಿ, ಹೊಸದನ್ನೇ ಮಾಡೋಣವೆಂದು ಅವಳ ಮೇಲ್ದವಡೆಯ ಅಚ್ಚು ತೆಗೆದ. ಅದು ಗಟ್ಟಿಯಾದ ಮೇಲೆ ಹೋದ ವರ್ಷದ ಅಚ್ಚಿನ ಪಕ್ಕ ಇಟ್ಟು ನೋಡಿದ. ಹೊಸದು ಹಳೆಯದಕ್ಕಿಂತ ಅರ್ಧ ಬೆರಳಿನಷ್ಟು ಹೆಚ್ಚು ಅಗಲವಾಗಿತ್ತು. ಕಿಡ್ನಿ ಕೈಕೊಟ್ಟವರಿಗೆ ಮುಖದ ಮೂಳೆಯೂ ಬೆಳೆದು ರೂಪವೇ ಬದಲಾಗಬಹುದು ಎಂದು ಅವಳ ಡಯಾಲಿಸಿಸ್ ಡಾಕ್ಟರು ಹೇಳಿದ್ದನ್ನು ಅವನು ಕಿವಿಗೇ ಹಾಕಿಕೊಂಡಿರಲಿಲ್ಲ; ಅವಳ ಕೆನ್ನೆ ತುಂಬಿಕೊಂಡಾಗ, ಸದ್ಯ, ಚೇತರಿಸಿಕೊಳ್ಳುತ್ತಿದ್ದಾಳೆ ಎಂದು ಹಿಗ್ಗಿದ್ದ.

ಹಳೆಯ ಅಚ್ಚಿನ ಮೇಲೆ ಥಟ್ಟನೆ ಬಟ್ಟೆ ಎಳೆದ. "ತಪ್ಪು ನನ್ನದೇ ಕಣೇ. ಇನ್ನೊಂಚೂರು ಉಜ್ಜಿದ್ರೆ ಸರಿಹೋಗುತ್ತೆ."

ಅವಳು ಅವನ ಕೈಯಿಂದ ಅರ ಕಿತ್ತುಕೊಂಡಳು. "ಮನೇಲಿ ಕನ್ನಡಿ ಇದೆ ರೀ. ಹಲ್ಲು ಹಾಳಾಗಿ ಹೋಗ್ಲಿ." ಪ್ಲಾಸ್ಟರಿನ ಡಬ್ಬಿಯನ್ನು ಅವನತ್ತ ತಳ್ಳಿ, ಮುಖವೆತ್ತಿ ಕಣ್ಣು ಮುಚ್ಚಿದಳು. "ಈ ಮುಖ ಇನ್ನೂ ನನ್ನ ಥರ ಇರೋವಾಗ್ಲೇ ಇದರದ್ದೊಂದು ಅಚ್ಚು ತೆಗೆದಿಟ್ಬಿಡಿ."